ಹಿತ್ತಿಲ ಕೋಣೆಗೆ ಎರಡನೆಯ ರೂಟರು

ಮನೆಯಲ್ಲಿ ರೇಡಿಯೊ ಇಟ್ಟವರಿಗೆ ಏರಿಯಲ್ಲಿನ ಮಹಿಮೆಯನ್ನು ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ನಮ್ಮ ತಂದೆಯವರು ಅಂಗಳದ ಎರಡು ಅಡಕೆ ಮರಗಳ ನಡುವೆ ತಾಮ್ರದ ತಂತಿಯನ್ನು ಎಳೆದು, ಅದರ ಒಂದು ಕೊನೆಯನ್ನು ಕಿಟಕಿಯ ಸಂದಿನಿಂದ ಒಳಕ್ಕೆ ತಂದು ಪೆಟ್ಟಿಗೆಗೆ ಸೇರಿಸಿದ ದಿನ, ಬೆಂಗಳೂರು ನಿಲಯ ಗೊರಗೊರ ಸದ್ದಿಲ್ಲದೆ ಕೇಳಿಸಿತೆಂದು ಕೇರಿಯ ಅರ್ಧ ಜನ ಬಂದು ಜಗಲಿಯಲ್ಲಿ ಕುಳಿತಿದ್ದರಂತೆ. ಆ ಪೆಟ್ಟಿಗೆಗೆ ವರ್ಷಕ್ಕೊಮ್ಮೆ ಅಂಚೆಕಚೇರಿಯಲ್ಲಿ ಲೈಸೆನ್ಸಿನ ಹಣವನ್ನೂ ಕಟ್ಟಬೇಕಾಗಿತ್ತು. 1980ರ ದಶಕದಲ್ಲಿ ಆ ಕಟ್ಟಳೆ ಹೋಯಿತು. ಈಗ ಅದೇ ಜಗಲಿಯಲ್ಲಿ ಜನ ಕುಳಿತುಕೊಳ್ಳುವುದು ಬೇರೊಂದು ಪೆಟ್ಟಿಗೆಯ ಸಲುವಾಗಿ. ಆ ಪೆಟ್ಟಿಗೆಯ ಹೆಸರು ರೂಟರು. ಒಂದು ಮನೆಗೆ ಒಂದು ರೂಟರು ಸಾಲದೆ ಬಂದಾಗ ಎರಡನೆಯದನ್ನು ಹೇಗೆ ಹೊಂದಿಸಬೇಕು, ಕಾರ್ಖಾನೆಯವರು ಕೈಬಿಟ್ಟ ಹಳೆಯ ಪೆಟ್ಟಿಗೆಗೆ ಹೇಗೆ ಮರುಜೀವ ಕೊಡಬಹುದು ಎಂಬುದನ್ನು ಈ ಲೇಖನದಲ್ಲಿ ಹೇಳಲಿದ್ದೇನೆ. ನಾನು ಯಂತ್ರಶಾಸ್ತ್ರ ಓದಿದವನಲ್ಲ. ಹೈಸ್ಕೂಲಿನಲ್ಲಿ ಸಂಧಿ ಸಮಾಸಗಳ ಪಾಠ ಹೇಳುವ ಕನ್ನಡ ಮೇಷ್ಟರು. ಆದುದರಿಂದ ನನಗೆ ಅರ್ಥವಾದುದು ನಿಮಗೂ ಅರ್ಥವಾದೀತೆಂಬ ಧೈರ್ಯ ನನಗಿದೆ.

ಈ ವಿದ್ಯೆಗೆ ನಾನು ಕೈಹಾಕಿದ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. 2020ನೆಯ ಇಸವಿಯಲ್ಲಿ ಶಾಲೆಗಳು ಮುಚ್ಚಿ, ಪಾಠವೆಲ್ಲ ಫೋನಿನೊಳಗೆ ಸೇರಿಕೊಂಡಾಗ, ಮಲೆನಾಡಿನ ಮಕ್ಕಳು ನೆಟ್‌ವರ್ಕು ಸಿಕ್ಕುವ ಗುಡ್ಡದ ನೆತ್ತಿಯನ್ನೋ ರಸ್ತೆಯ ತಿರುವನ್ನೋ ಹುಡುಕಿಕೊಂಡು ಹೋಗಬೇಕಾಯಿತು. ಸಕಲೇಶಪುರ, ಆಲೂರು ಸೀಮೆಯಲ್ಲಿಯೂ ಅದೇ ಕಥೆ. ಬಾಳ್ಳುಪೇಟೆಯ ಕಡೆಗಿರುವ ನಮ್ಮ ಮನೆಗೆ ಆಗ ಹತ್ತನೆಯ ತರಗತಿಯ ಒಬ್ಬಳು ಹುಡುಗಿ ತೋಟದ ದಾರಿ ಹಿಡಿದು ನಡೆದು ಬರುತ್ತಿದ್ದಳು. ನಮ್ಮಲ್ಲಿ ರೂಟರಿದ್ದುದು ಮುಂದಿನ ಪಡಸಾಲೆಯಲ್ಲಿ. ಅದರ ಅಲೆ ಜಗಲಿಯವರೆಗೆ ಮಾತ್ರ ಬರುತ್ತಿತ್ತು. ಹಿಂದೆ, ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ, ಮೂಟೆ ಇಡುವ ಒಂದು ಕೋಣೆಯಿದೆ. ಅಲ್ಲಿ ಮೇಜುಂಟು, ದೀಪವುಂಟು, ಮಳೆಯ ಎರಚಲಿಲ್ಲ, ಆದರೆ ನೆಟ್‌ವರ್ಕಿಲ್ಲ. ಜುಲೈ ತಿಂಗಳ ಗಾಳಿಮಳೆಯಲ್ಲಿ ಆಕೆ ಗೋಣಿಕೊಪ್ಪೆಯನ್ನು ಮಂಡಿಯ ಮೇಲೆ ಹರವಿಕೊಂಡು, ಫೋನನ್ನು ಸೆರಗಿನಂತೆ ದುಪಟ್ಟಾದಲ್ಲಿ ಮುಚ್ಚಿ ಹಿಡಿದು, ಲೆಕ್ಕದ ಪಾಠ ಕೇಳುತ್ತಿದ್ದಳು. "ಒಳಗೆ ಬಾರಮ್ಮ" ಎಂದರೆ, "ಒಳಗೆ ಬಂದ್ರೆ ಕಟ್ಟಾಗುತ್ತೆ ಸಾರ್, ಇಲ್ಲೇ ಇರ್ತೀನಿ" ಎನ್ನುತ್ತಿದ್ದಳು. ಒಣಗಿದ ಕೋಣೆ ಹತ್ತು ಮಾರು ದೂರದಲ್ಲಿರುವಾಗ ಮಗು ಜಗಲಿಯಲ್ಲಿ ನೆನೆಯುವುದನ್ನು ನೋಡುತ್ತ ಕುಳಿತ ಮೇಷ್ಟರಿಗೆ ಆದ ನಾಚಿಕೆಯೇ ಈ ಲೇಖನದ ಮೂಲ.

ಅಲೆ ಏಕೆ ಹಿಂದಿನ ಕೋಣೆಗೆ ಬರಲಿಲ್ಲ? ರೇಡಿಯೊ ಕೇಳುವವರಿಗೆ ಇದನ್ನು ತಿಳಿಸುವುದು ಸುಲಭ. ಮಧ್ಯಮ ತರಂಗದಲ್ಲಿ 1000 ಕಿಲೋಹರ್ಟ್ಸಿನ ಅಲೆಯ ಉದ್ದ 300 ಮೀಟರು. ಅಷ್ಟು ಉದ್ದದ ಅಲೆ ಗುಡ್ಡವನ್ನೂ ಗೋಡೆಯನ್ನೂ ಬಳಸಿಕೊಂಡು ಬರಬಲ್ಲುದು. ಎಫ್.ಎಂ. ಅಲೆಯ ಉದ್ದ ಸುಮಾರು 3 ಮೀಟರು. ವೈಫೈ ಕೂಡ ರೇಡಿಯೊ ಅಲೆಯೇ, ಆದರೆ 2.4 ಗಿಗಾಹರ್ಟ್ಸಿನಲ್ಲಿ ಅದರ ಉದ್ದ ಹನ್ನೆರಡೂವರೆ ಸೆಂಟಿಮೀಟರು, ಎಂದರೆ ಒಂದು ಗೇಣಿಗಿಂತ ಕಡಿಮೆ. 5 ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಐದಾರು ಸೆಂಟಿಮೀಟರು ಮಾತ್ರ. ಇಷ್ಟು ಗಿಡ್ಡ ಅಲೆಯನ್ನು ದಪ್ಪ ಗೋಡೆ ನುಂಗಿಬಿಡುತ್ತದೆ. ನಮ್ಮ ಮನೆಯದು ಮಂಜರಾಬಾದಿನ ಕೋಟೆಯ ಗೋಡೆಯಲ್ಲವಾದರೂ, ಹಿರಿಯರು ಕಟ್ಟಿಸಿದ ಮೊಳದಗಲದ ಮಣ್ಣಿನ ಗೋಡೆ. ಮಳೆಗಾಲದಲ್ಲಿ ಅದು ನೀರು ಕುಡಿದು ಇನ್ನೂ ಹೊಟ್ಟೆಬಾಕವಾಗುತ್ತದೆ, ಏಕೆಂದರೆ ಈ ಅಲೆಗಳಿಗೆ ನೀರಿಗಿಂತ ದೊಡ್ಡ ಶತ್ರುವಿಲ್ಲ. ಕಣದ ಮೇಲಿನ ತಗಡಿನ ಮಾಡಂತೂ ಅಲೆಯನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ಆದುದರಿಂದ ಮೊದಲನೆಯ ಪಾಠ ಇಷ್ಟು: ಅಲೆಯು ಗೋಡೆಯನ್ನು ದಾಟಲಾರದಾದರೆ, ತಂತಿಯನ್ನು ದಾಟಿಸಿ, ಗೋಡೆಯ ಆಚೆಗೆ ಮತ್ತೊಂದು ಅಲೆಯ ಬುಗ್ಗೆಯನ್ನು ಇಡಬೇಕು.

ಅಂಗಡಿಯಲ್ಲಿ ರಿಪೀಟರು ಎಂಬುದೊಂದು ಸಿಕ್ಕುತ್ತದಲ್ಲ, ಅದು ಸಾಲದೆ ಎಂದು ನೀವು ಕೇಳಬಹುದು. ರಿಪೀಟರು ತಂತಿಯಿಲ್ಲದೆ ಕೇಳಿ, ತಂತಿಯಿಲ್ಲದೆ ಮರುನುಡಿಯುತ್ತದೆ. ಒಂದೇ ಬಾಯಿಯಿಂದ ಕೇಳುವುದನ್ನೂ ಹೇಳುವುದನ್ನೂ ಮಾಡಬೇಕಾದಾಗ ವೇಗ ಅರ್ಧಕ್ಕರ್ಧ ಇಳಿಯುತ್ತದೆ. ಮಾತ್ರವಲ್ಲ, ಅದಕ್ಕೆ ಮೊದಲು ಚೆನ್ನಾಗಿ ಕೇಳಿಸಿದ್ದರೆ ತಾನೆ ಅದು ಚೆನ್ನಾಗಿ ಹೇಳುವುದು? ಈಥರ್ನೆಟ್ಟಿನ ತಂತಿಯಾದರೋ 100 ಮೀಟರಿನವರೆಗೆ ನಷ್ಟವಿಲ್ಲದೆ ಸುದ್ದಿಯನ್ನು ಒಯ್ಯುತ್ತದೆ.

ಇನ್ನು ರೂಟರೆಂದರೇನು? ಈ ಮಾತಿಗೆ ನಾನು 'ಹಾದಿಗಾರ' ಎಂದು ಕನ್ನಡ ಮಾಡಿ ತರಗತಿಯಲ್ಲಿ ಹೇಳಿದೆ. ಮಕ್ಕಳು ನಕ್ಕರು. ಮಾರನೆಯ ದಿನ ನಾನೂ ರೂಟರೆಂದೇ ಅಂದೆ. ಹೆಸರು ಒಂದಾದರೂ ಈ ಪೆಟ್ಟಿಗೆ ಮಾಡುವ ಕೆಲಸ ಮೂರು. ಮೊದಲನೆಯದು, ಹೊರಗಿನ ಲೋಕಕ್ಕೂ ಮನೆಯೊಳಕ್ಕೂ ನಡುವೆ ನಿಂತು ಸುದ್ದಿಯನ್ನು ಸರಿಯಾದ ಹಾದಿಗೆ ಹಚ್ಚುವುದು. ಎರಡನೆಯದು, ಮನೆಯೊಳಗಿನ ಫೋನು, ಕಂಪ್ಯೂಟರುಗಳಿಗೆ ಒಂದೊಂದು ವಿಳಾಸದ ಸಂಖ್ಯೆಯನ್ನು ಹಂಚುವುದು. ಇದಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಮೂರನೆಯದು, ಅಲೆ ಬಿಡುವುದು. ಹಿಂದಿನ ಕೋಣೆಯ ಪೆಟ್ಟಿಗೆಗೆ ಬೇಕಾದುದು ಈ ಮೂರನೆಯ ಕೆಲಸ ಮಾತ್ರ. ಮೊದಲೆರಡು ಕೆಲಸಗಳನ್ನು ಅದಕ್ಕೆ ಮರೆಸಬೇಕು. ಎರಡನೆಯ ರೂಟರನ್ನು ಹೊಂದಿಸುವ ವಿದ್ಯೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ನನ್ನ ಬಳಿ ಅಟ್ಟದ ಮೇಲೆ ಒಂದು ಹಳೆಯ ರೂಟರು ಬಿದ್ದಿತ್ತು. ಗುಜರಿಗೆ ಹಾಕಲು ಹೊರಟವನನ್ನು, ಪೇಟೆಯಲ್ಲಿ ಫೋನು ರಿಪೇರಿ ಮಾಡುವ ನನ್ನ ಹಳೆಯ ಶಿಷ್ಯನೊಬ್ಬ ತಡೆದ. "ಬಿಸಾಡ್ಬೇಡಿ ಸಾರ್, ಪೆಟ್ಟಿಗೆ ಗಟ್ಟಿಯಾಗಿದೆ, ಬುದ್ಧಿ ಹಳೇದಾಗಿದೆ ಅಷ್ಟೆ" ಎಂದ. ಅವನು ಬುದ್ಧಿಯೆಂದದ್ದು ಫರ್ಮ್‌ವೇರನ್ನು. ರೂಟರೂ ಒಂದು ಪುಟ್ಟ ಕಂಪ್ಯೂಟರೇ. ಅದು ಹೇಗೆ ನಡೆದುಕೊಳ್ಳಬೇಕೆಂಬ ಕಟ್ಟಳೆಗಳನ್ನು ಕಾರ್ಖಾನೆಯವರು ಒಂದು ಚಿಕ್ಕ ನೆನಪಿನ ಚಿಪ್ಪಿನಲ್ಲಿ ಬರೆದಿಟ್ಟಿರುತ್ತಾರೆ. ಅದೇ ಫರ್ಮ್‌ವೇರು, ಯಂತ್ರದ ಹುಟ್ಟುಗುಣ. ಈ ಕಟ್ಟಳೆಗಳಲ್ಲಿ ಕಾಲಕಾಲಕ್ಕೆ ತೂತುಗಳು ಕಾಣಿಸಿಕೊಳ್ಳುತ್ತವೆ. 2017ರ ಅಕ್ಟೋಬರಿನಲ್ಲಿ ಬೆಲ್ಜಿಯಂ ದೇಶದ ಮ್ಯಾಥಿ ವ್ಯಾನ್‌ಹೂಫ್ ಎಂಬ ಸಂಶೋಧಕರು, ಲೋಕವೆಲ್ಲ ನಂಬಿದ್ದ ವೈಫೈ ಬೀಗವಾದ ಡಬ್ಲ್ಯುಪಿಎ2ರಲ್ಲಿಯೇ ಒಂದು ದೋಷವನ್ನು ತೋರಿಸಿಕೊಟ್ಟರು. ಹೊಸ ಮಾದರಿಗಳಿಗೆ ಕಾರ್ಖಾನೆಯವರು ತೇಪೆ ಕಳುಹಿಸುತ್ತಾರೆ. ಮಾರಾಟ ನಿಂತ ಹಳೆಯ ಮಾದರಿಗಳನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಹೀಗೆ ಪೆಟ್ಟಿಗೆ ಗಟ್ಟಿಯಾಗಿದ್ದರೂ ಬಾಗಿಲು ಭದ್ರವಲ್ಲದ ಮನೆಯಂತಾಗುತ್ತದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವೆಂದು ಗಾದೆ. ರೂಟರಿನ ವಿಷಯದಲ್ಲಿ ಆ ಗಾದೆ ಸುಳ್ಳಾಗುತ್ತದೆ. ಅದರ ಹುಟ್ಟುಗುಣವನ್ನು ತೆಗೆದು ಬೇರೆಯದನ್ನು ಇಡಬಹುದು.

ಇಡಬಹುದಾದ ಆ ಬೇರೆಯದು ಎಲ್ಲಿಂದ ಬಂತೆಂಬುದು ಒಂದು ಸ್ವಾರಸ್ಯವಾದ ಕಥೆ. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸು ಎಂಬ ವ್ಯವಸ್ಥೆಯ ತಿರುಳನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೆ ಮುಂದೆ ಜಿಪಿಎಲ್ ಎಂಬ ಪರವಾನಗಿ ಹತ್ತಿತು. ಅದರ ಧರ್ಮ ಇದು: ಯಾರು ಬೇಕಾದರೂ ಬಳಸಿ, ತಿದ್ದಿ, ಮಾರಿ, ಆದರೆ ತಿದ್ದಿ ಮಾರಿದವರು ತಮ್ಮ ತಿದ್ದುಪಾಟಿನ ಮೂಲಬರಹವನ್ನೂ ಕೊಂಡವರಿಗೆ ಕೊಡಬೇಕು. 2002ರ ಕೊನೆಯಲ್ಲಿ ಲಿಂಕ್‌ಸಿಸ್ ಎಂಬ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ಬಣ್ಣದ ರೂಟರನ್ನು ಮಾರಾಟಕ್ಕೆ ತಂದಿತು. ಅದರ ಹೊಟ್ಟೆಯೊಳಗಿರುವುದು ಲಿನಕ್ಸೇ ಎಂದು ತಿಳಿದವರು ಪತ್ತೆಹಚ್ಚಿ, ಪರವಾನಗಿಯ ಧರ್ಮವನ್ನು ನೆನಪಿಸಿದರು. 2003ರಲ್ಲಿ ಮೂಲಬರಹ ಹೊರಬಿತ್ತು. ಅದನ್ನು ಹಿಡಿದುಕೊಂಡು ನಾನಾ ದೇಶಗಳ ಹವ್ಯಾಸಿಗಳು 2004ರಲ್ಲಿ ಆರಂಭಿಸಿದ ಕೆಲಸವೇ ಓಪನ್‌ಡಬ್ಲ್ಯುಆರ್‌ಟಿ. ಆ ನೀಲಿ ಪೆಟ್ಟಿಗೆಯ ಹೆಸರಿನ ಮೂರಕ್ಷರ ಇದರ ಹೆಸರಿನಲ್ಲಿ ಇನ್ನೂ ಉಳಿದಿದೆ. ನಡುವೆ 2016ರಲ್ಲಿ ಈ ಬಳಗ ಎರಡು ಹೋಳಾಗಿ, 2018ರಲ್ಲಿ ಅಣ್ಣತಮ್ಮಂದಿರಂತೆ ಮತ್ತೆ ಕೂಡಿಕೊಂಡಿತು. ನೂರಾರು ಮಾದರಿಯ ರೂಟರುಗಳಿಗೆ ಒಪ್ಪುವ ಫರ್ಮ್‌ವೇರನ್ನು ಇವರು ಹಣ ಕೇಳದೆ ಕೊಡುತ್ತಾರೆ.

ಈಗ ನನ್ನ ಕಸುಬಿನ ಭಾಷೆಯಲ್ಲಿ ಒಂದು ಮಾತು ಹೇಳಲು ಅಪ್ಪಣೆಯಾಗಲಿ. ವ್ಯಾಕರಣದಲ್ಲಿ ಆಗಮ, ಆದೇಶ ಎಂದು ಎರಡುಂಟು. ಮನೆ ಎಂಬುದಕ್ಕೆ ಅಲ್ಲಿ ಸೇರಿದಾಗ ನಡುವೆ ಯಕಾರ ಬಂದು 'ಮನೆಯಲ್ಲಿ' ಆಗುತ್ತದೆ. ಇದ್ದುದಾವುದೂ ಹೋಗಲಿಲ್ಲ, ಇದು ಆಗಮ. ಮಳೆ ಎಂಬುದಕ್ಕೆ ಕಾಲ ಸೇರಿದಾಗ ಕಕಾರ ಹೋಗಿ ಅದರ ಜಾಗದಲ್ಲಿ ಗಕಾರ ಕುಳಿತು 'ಮಳೆಗಾಲ' ಆಗುತ್ತದೆ, ಇದು ಆದೇಶ. ಆಗಮ ಮಿತ್ರನ ಹಾಗೆ ಪಕ್ಕದಲ್ಲಿ ಬಂದು ಕೂರುವುದು, ಆದೇಶ ಶತ್ರುವಿನ ಹಾಗೆ ಇದ್ದವನನ್ನು ಎಬ್ಬಿಸಿ ಕೂರುವುದು ಎಂದು ವೈಯಾಕರಣರು ಹೇಳುವುದುಂಟು. ನಾವು ಮಾಡಹೊರಟ ಕೆಲಸದಲ್ಲಿ ಎರಡೂ ಇವೆ. ಫರ್ಮ್‌ವೇರು ಬದಲಿಸುವುದು ಆದೇಶ. ಹಳೆಯದು ಅಳಿದುಹೋಗುತ್ತದೆ, ಆದುದರಿಂದ ಎಚ್ಚರಿಕೆ ಬೇಕು. ಎರಡನೆಯ ರೂಟರನ್ನು ಮನೆಗೆ ಸೇರಿಸುವುದು ಆಗಮ. ಮೊದಲನೆಯದರ ಕೆಲಸಕ್ಕೆ ಅಡ್ಡಬರದೆ ಮಿತ್ರನಾಗಿ ಬಂದು ಕೂರಬೇಕು.

ಮೊದಲು ಆದೇಶದ ವಿಧಿ. ಇಂಟರ್ನೆಟ್ಟಿನ ಕಂಪನಿಯವರು ಕೊಟ್ಟು ಗೋಡೆಗೆ ಹೊಡೆದುಹೋದ ಮೊದಲನೆಯ ಪೆಟ್ಟಿಗೆಯನ್ನು ಮುಟ್ಟಬೇಡಿ. ಪ್ರಯೋಗವೆಲ್ಲ ನಿಮ್ಮ ಸ್ವಂತದ ಎರಡನೆಯ ಪೆಟ್ಟಿಗೆಯ ಮೇಲಿರಲಿ. ಅದನ್ನು ಮಗುಚಿ, ಅಡಿಯ ಚೀಟಿಯಲ್ಲಿರುವ ಮಾದರಿಯ ಹೆಸರನ್ನು ಅಕ್ಷರ ತಪ್ಪದೆ ಬರೆದುಕೊಳ್ಳಿ. ಹೆಸರಿನ ಮುಂದೆ ವಿ1, ವಿ2 ಎಂದು ಆವೃತ್ತಿಯ ಗುರುತಿರುತ್ತದೆ. ಹೊರಗಿನಿಂದ ಅವಳಿಜವಳಿಯಂತೆ ಕಂಡರೂ ಒಳಗಿನ ಚಿಪ್ಪು ಬೇರೆಯಾಗಿರಬಹುದು. ವಿ1ರ ಫರ್ಮ್‌ವೇರನ್ನು ವಿ2ಕ್ಕೆ ಹಾಕಿದರೆ ಪೆಟ್ಟಿಗೆ ಇಟ್ಟಿಗೆಯಾದೀತು. ಆಮೇಲೆ ಓಪನ್‌ಡಬ್ಲ್ಯುಆರ್‌ಟಿ ಬಳಗದವರ ಯಂತ್ರಗಳ ಪಟ್ಟಿಯಲ್ಲಿ ಆ ಹೆಸರು ಉಂಟೋ ಎಂದು ನೋಡಿ. ಇಲ್ಲವಾದರೆ ಅಲ್ಲಿಗೇ ನಿಲ್ಲಿಸಿ. ಇದ್ದರೂ ನೆನಪಿನ ಪ್ರಮಾಣವನ್ನು ಗಮನಿಸಿ: 8 ಮೆಗಾಬೈಟು ಫ್ಲ್ಯಾಷು, 64 ಮೆಗಾಬೈಟು ರ್‍ಯಾಮು ಇರುವ ಪೆಟ್ಟಿಗೆಗೆ ಇಂದಿನ ಫರ್ಮ್‌ವೇರು ಬಿಗಿಯಾದ ಅಂಗಿ, 16ಕ್ಕೆ 128 ಇದ್ದರೆ ಸಲೀಸು. ಆ ಮೊದಲ ನೀಲಿ ಪೆಟ್ಟಿಗೆ 4 ಮತ್ತು 16 ಮೆಗಾಬೈಟಿನಲ್ಲಿ ಸಂಸಾರ ಮಾಡಿತ್ತೆಂಬುದು ಬೇರೆ ಮಾತು. ಆ ಕಾಲ ಹೋಯಿತು.

ಕಡತವನ್ನು ಇಳಿಸಿಕೊಳ್ಳುವಾಗ ಎರಡು ಬಗೆ ಕಾಣುತ್ತವೆ. 'ಫ್ಯಾಕ್ಟರಿ' ಎಂಬುದು ಕಾರ್ಖಾನೆಯ ಫರ್ಮ್‌ವೇರನ್ನು ಮೊದಲ ಬಾರಿ ಬದಲಿಸಲು. 'ಸಿಸ್‌ಅಪ್‌ಗ್ರೇಡ್' ಎಂಬುದು ಈಗಾಗಲೇ ಬದಲಿಸಿದ ಪೆಟ್ಟಿಗೆಯನ್ನು ಮುಂದೆ ಹೊಸದಾಗಿಸಲು. ಕಡತದ ಪಕ್ಕದಲ್ಲಿ ಒಂದು ಉದ್ದನೆಯ ಗುರುತಿನ ಸಂಖ್ಯೆ ಕೊಟ್ಟಿರುತ್ತಾರೆ. ನಿಮ್ಮ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಬರುವ ಸಂಖ್ಯೆ ಅದಕ್ಕೆ ತಾಳೆಯಾದರೆ ಕಡತ ದಾರಿಯಲ್ಲಿ ಕೆಟ್ಟಿಲ್ಲವೆಂದು ತಿಳಿಯಬೇಕು. ಮಲೆನಾಡಿನ ಸಂಪರ್ಕದಲ್ಲಿ ಅರ್ಧಕ್ಕೆ ಹರಿದ ಕಡತ ಬರುವುದು ಅಪರೂಪವಲ್ಲವಾದುದರಿಂದ ಈ ತಾಳೆಯನ್ನು ಬಿಡಬೇಡಿ.

ಬದಲಿಸುವ ಗಳಿಗೆ ಬಂದಾಗ ಕಂಪ್ಯೂಟರನ್ನು ವೈಫೈನಿಂದಲ್ಲ, ತಂತಿಯಿಂದ ರೂಟರಿನ ಲ್ಯಾನ್ ತೂತಿಗೆ ಸೇರಿಸಿ. ಎರಡನ್ನೂ ಯುಪಿಎಸ್ಸಿಗೆ ಹಾಕಿ. ಗಾಳಿಯೆದ್ದ ದಿನ, ಮೋಡ ಕವಿದ ದಿನ ಈ ಕೆಲಸ ಬೇಡ. ರೂಟರಿನ ಹಳೆಯ ಪುಟದಲ್ಲಿ ಫರ್ಮ್‌ವೇರು ಬದಲಿಸುವ ಜಾಗಕ್ಕೆ ಹೋಗಿ ಕಡತವನ್ನು ಕೊಟ್ಟ ಮೇಲೆ, ಐದು ನಿಮಿಷ ಕೈಕಟ್ಟಿ ಕುಳಿತುಕೊಳ್ಳಿ. ದೀಪ ಮಿನುಗಲಿ, ನಂದಲಿ, ಏನೇ ಆಗಲಿ, ಸ್ವಿಚ್ಚನ್ನು ಮುಟ್ಟಬೇಡಿ. ಹಳೆಯ ಅಕ್ಷರ ಅಳಿದು ಹೊಸದು ಕೂರುವ ನಡುವೆ ವಿದ್ಯುತ್ತು ಹೋದರೆ ಯಂತ್ರಕ್ಕೆ ಯಾವ ಗುಣವೂ ಉಳಿಯುವುದಿಲ್ಲ. ಹಾಗೊಮ್ಮೆ ಆದರೂ ಎದೆಗೆಡಬೇಕಾಗಿಲ್ಲ. ಅನೇಕ ಮಾದರಿಗಳಲ್ಲಿ ತಂತಿಯ ಮೂಲಕವೇ ಫರ್ಮ್‌ವೇರನ್ನು ಮರಳಿ ತುಂಬುವ ರಕ್ಷಣೆಯ ಹಾದಿಯುಂಟು. ನಿಮ್ಮ ಮಾದರಿಗೆ ಅದು ಉಂಟೋ ಇಲ್ಲವೋ ಎಂಬುದನ್ನು ಮೊದಲೇ ಓದಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಜಾಣತನ.

ಹೊಸ ಗುಣ ಕುಳಿತ ಮೇಲೆ ಬ್ರೌಸರಿನಲ್ಲಿ 192.168.1.1 ಎಂದು ಬರೆದರೆ ಒಂದು ಪುಟ ತೆರೆಯುತ್ತದೆ. ಅದಕ್ಕೆ ಲುಸಿ ಎಂದು ಹೆಸರು. ರೂಟ್ ಎಂಬ ಹೆಸರಿನಿಂದ ಒಳಹೋಗಬೇಕು, ಮೊದಲಿಗೆ ಗುಪ್ತಪದವಿರುವುದಿಲ್ಲ. ಮಾಡಬೇಕಾದ ಮೊದಲ ಕೆಲಸವೇ ಗಟ್ಟಿಯಾದ ಗುಪ್ತಪದವನ್ನಿಡುವುದು. ವೈಫೈ ಆರಿಸಿದ ಸ್ಥಿತಿಯಲ್ಲಿಯೇ ಇರುತ್ತದೆ, ಅದು ತಪ್ಪಲ್ಲ. ನೀವಾಗಿ ಹೇಳುವವರೆಗೆ ಅದು ಅಲೆ ಬಿಡುವುದಿಲ್ಲ.

ಇನ್ನು ಆಗಮದ ವಿಧಿ. ಇಲ್ಲಿ ನಾನು ಎಡವಿದ್ದನ್ನೇ ಹೇಳುತ್ತೇನೆ. ಹೊಸ ಉತ್ಸಾಹದಲ್ಲಿ ಪೆಟ್ಟಿಗೆಯನ್ನು ಇದ್ದಹಾಗೆಯೇ ತಂದು ಮೊದಲನೆಯದಕ್ಕೆ ತಂತಿ ಸೇರಿಸಿಬಿಟ್ಟೆ. ಅರ್ಧ ಗಂಟೆಯಲ್ಲಿ ಮನೆಯ ಒಂದೊಂದೇ ಫೋನು ಮೂಕವಾಯಿತು. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಬಂದಿದ್ದ ಇಬ್ಬರು ಮಕ್ಕಳು ಜಗಲಿಯಲ್ಲಿ ಕಾದರು. ಅಂದು ಅದರ ಕೊನೆಯ ದಿನ. ನನ್ನ ಹೆಂಡತಿ, "ರೀ, ಇದ್ದದ್ದನ್ನೂ ಕೆಡಿಸಿದಿರಾ?" ಎಂದು ಕೇಳಿದಾಗ ಉತ್ತರವಿರಲಿಲ್ಲ. ಹೊಸ ಪೆಟ್ಟಿಗೆಯ ತಂತಿಯನ್ನು ಕಿತ್ತು, ಮೊದಲನೆಯದನ್ನು ಆರಿಸಿ ಹೊತ್ತಿಸಿದ ಮೇಲೆ ಅರ್ಜಿ ಹೋಯಿತು. ಆದದ್ದೇನೆಂದರೆ, ಎರಡು ಪೆಟ್ಟಿಗೆಗಳೂ ತಾವೇ 192.168.1.1 ಎಂದವು, ಎರಡೂ ವಿಳಾಸ ಹಂಚತೊಡಗಿದವು. ಒಂದೇ ಊರಿಗೆ ಇಬ್ಬರು ಶ್ಯಾನುಭೋಗರಾಗಿ, ಇಬ್ಬರೂ ಖಾತೆ ಬರೆದು ಕೊಡತೊಡಗಿದರೆ ಯಾರ ಜಮೀನು ಯಾರದೆಂದು ತಿಳಿಯುವುದೆ? ಮನೆಗೆ ವಿಳಾಸ ಹಂಚುವವನು ಒಬ್ಬನೇ ಇರಬೇಕು.

ಆದುದರಿಂದ ಎರಡನೆಯದನ್ನು ಮೊದಲನೆಯದಕ್ಕೆ ಸೇರಿಸುವ ಮುನ್ನವೇ, ಕಂಪ್ಯೂಟರಿಗೆ ಮಾತ್ರ ತಂತಿ ಹಾಕಿಟ್ಟುಕೊಂಡು, ಈ ಬದಲಾವಣೆಗಳನ್ನು ಮಾಡಿ. ಲುಸಿಯ ಪುಟದಲ್ಲಿ ನೆಟ್‌ವರ್ಕ್, ಅದರೊಳಗೆ ಇಂಟರ್‌ಫೇಸಸ್, ಅದರೊಳಗೆ ಲ್ಯಾನ್ ಎಂಬಲ್ಲಿಗೆ ಹೋಗಿ. ವಿಳಾಸವನ್ನು 192.168.1.2 ಎಂದು ಮಾಡಿ. ಇದು ಮೊದಲನೆಯ ರೂಟರು 192.168.1.1 ಆಗಿರುವ ಮನೆಗೆ. ನಿಮ್ಮಲ್ಲಿ ಅದು 192.168.0.1 ಆಗಿದ್ದರೆ ಇದು 192.168.0.2 ಆಗಬೇಕು. ಮೊದಲನೆಯದು ಹಂಚುವ ಸಂಖ್ಯೆಗಳ ಸಾಲಿನೊಳಗೆ ಈ ಸಂಖ್ಯೆ ಬರದಂತೆ ನೋಡಿಕೊಳ್ಳಿ. ಗೇಟ್‌ವೇ ಮತ್ತು ಡಿಎನ್‌ಎಸ್ ಎಂಬ ಎರಡು ಖಾಲಿ ಜಾಗಗಳಲ್ಲಿ ಮೊದಲನೆಯ ರೂಟರಿನ ವಿಳಾಸವನ್ನು ಬರೆಯಿರಿ. ಆಮೇಲೆ ಡಿಎಚ್‌ಸಿಪಿ ಸರ್ವರ್ ಎಂಬ ಭಾಗದಲ್ಲಿ ಇಗ್ನೋರ್ ಇಂಟರ್‌ಫೇಸ್ ಎಂಬ ಚೌಕಕ್ಕೆ ಗುರುತು ಹಾಕಿ. ಪಕ್ಕದ ಐಪಿವಿ6 ಭಾಗದಲ್ಲಿರುವ ಹಂಚಿಕೆಗಳನ್ನೂ ನಿಲ್ಲಿಸಿ. ಇಷ್ಟಕ್ಕೆ ಎರಡನೆಯ ಶ್ಯಾನುಭೋಗರು ನಿವೃತ್ತರಾದರು. ಬದಲಾವಣೆಯನ್ನು ಉಳಿಸಿದ ಮೇಲೆ ಪುಟ ಹೊಸ ವಿಳಾಸಕ್ಕೆ ಹೋಗಬೇಕು. ಹೊಸ ವಿಳಾಸದಲ್ಲಿ ನೀವು ಕಾಣಿಸಿಕೊಳ್ಳದಿದ್ದರೆ, ಎಲ್ಲೋ ತಪ್ಪಾಗಿದೆಯೆಂದು ಬಗೆದು, ಆ ಪೆಟ್ಟಿಗೆ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಹಳೆಯ ಸ್ಥಿತಿಗೆ ಮರಳುತ್ತದೆ. ಇಂತಹ ವಿವೇಕ ಮನುಷ್ಯರಲ್ಲಿಯೂ ವಿರಳ.

ಈಗ ತಂತಿ ಹಾಕಿ. ಮೊದಲನೆಯದರ ಲ್ಯಾನ್ ತೂತಿನಿಂದ ಎರಡನೆಯದರ ಲ್ಯಾನ್ ತೂತಿಗೇ ಹಾಕಬೇಕು. ಬೇರೆ ಬಣ್ಣದಲ್ಲಿ ವ್ಯಾನ್ ಎಂದು ಬರೆದ ತೂತು ಹಾದಿಗಾರಿಕೆಯ ಕೆಲಸಕ್ಕೆ. ನಮ್ಮ ಎರಡನೆಯ ಪೆಟ್ಟಿಗೆಗೆ ಆ ಕೆಲಸವಿಲ್ಲವೆಂದು ಆಗಲೇ ನಿಶ್ಚಯಿಸಿದ್ದೇವೆ.

ಕೊನೆಗೆ ಅಲೆ. ವೈರ್‌ಲೆಸ್ ಎಂಬ ಪುಟದಲ್ಲಿ ದೇಶದ ಹೆಸರನ್ನು ಭಾರತವೆಂದು ಆರಿಸಿ. ಇದು ಬರಿಯ ಶಾಸ್ತ್ರವಲ್ಲ. ನಮ್ಮಲ್ಲಿ ಕಡಿಮೆ ಶಕ್ತಿಯ 2.4 ಗಿಗಾಹರ್ಟ್ಸಿನ ಉಪಕರಣಗಳಿಗೆ ಲೈಸೆನ್ಸು ಬೇಡವೆಂದು 2005ರಲ್ಲಿ ನಿಯಮವಾಯಿತು. 5 ಗಿಗಾಹರ್ಟ್ಸಿನ ಪಟ್ಟಿಯನ್ನು 2018ರಲ್ಲಿ ಇನ್ನಷ್ಟು ಬಿಡಿಸಿದರು. ಲೈಸೆನ್ಸಿಲ್ಲದ ಈ ಸ್ವಾತಂತ್ರ್ಯ ಒಂದು ಶಕ್ತಿಯ ಮಿತಿಗೆ ಒಳಪಟ್ಟದ್ದು. ಬೇರೆ ದೇಶದ ಹೆಸರಿಟ್ಟು ಅಲೆಯನ್ನು ಜೋರು ಮಾಡುವುದು ನೆರೆಯವರ ನಿದ್ದೆ ಕೆಡಿಸುವ ಧ್ವನಿವರ್ಧಕದ ಹಾಗೆ. ಎರಡೂ ಪೆಟ್ಟಿಗೆಗಳಿಗೆ ವೈಫೈ ಹೆಸರು, ಗುಪ್ತಪದ, ಬೀಗದ ಬಗೆ ಮೂರೂ ಒಂದೇ ಇರಲಿ. ಆಗ ಫೋನು ಜಗಲಿಯಿಂದ ಹಿತ್ತಿಲಿಗೆ ನಡೆದಂತೆ ತಾನೇ ಹತ್ತಿರದ ಅಲೆಯನ್ನು ಹಿಡಿಯುತ್ತದೆ. ಚಾನೆಲ್ಲು ಮಾತ್ರ ಬೇರೆ ಬೇರೆ ಇರಬೇಕು. ಎರಡು ರೇಡಿಯೊ ನಿಲಯಗಳು ಒಂದೇ ಕಡೆ ಮುಳ್ಳು ನಿಲ್ಲಿಸಿದರೆ ಏನಾಗುವುದೆಂದು ನಿಮಗೆ ಗೊತ್ತಿದೆ. 2.4ರ ಪಟ್ಟಿಯಲ್ಲಿ 1, 6, 11 ಎಂಬ ಮೂರು ಒಂದನ್ನೊಂದು ತುಳಿಯುವುದಿಲ್ಲ. ಮುಂದಿನದು 1 ಆದರೆ ಹಿಂದಿನದು 6 ಅಥವಾ 11 ಆಗಲಿ. ದಪ್ಪ ಗೋಡೆಯ ಮನೆಗೆ 2.4 ದೂರಕ್ಕೆ, 5 ಒಂದೇ ಕೋಣೆಯೊಳಗಿನ ವೇಗಕ್ಕೆ ಎಂದು ನೆನಪಿಟ್ಟುಕೊಂಡರೆ ಸಾಕು.

ಮಲೆನಾಡಿಗರಿಗೆ ಇನ್ನೊಂದು ಮಾತು ಹೇಳದಿದ್ದರೆ ದ್ರೋಹವಾದೀತು. ಮನೆಯಿಂದ ಕಣದ ಕೋಣೆಗೆ ನಾನು ಮೊದಲು ಹೊರಗಿನಿಂದ ತಾಮ್ರದ ತಂತಿಯನ್ನೇ ಎಳೆದಿದ್ದೆ. ಏಪ್ರಿಲಿನಲ್ಲಿ ಕಾಫಿಗೆ ಹೂಮಳೆ ಬಂತು. ಹೂಮಳೆಯ ಜತೆಗೆ ಗುಡುಗು ಸಿಡಿಲೂ ಬಂದವು. ಸಿಡಿಲು ಬಿದ್ದದ್ದು ದೂರದ ತೋಟದ ಮರಕ್ಕೆ. ಸುಟ್ಟದ್ದು ನನ್ನ ಎರಡನೆಯ ರೂಟರಿನ ತೂತು. ಹತ್ತಿರದ ಸಿಡಿಲು ಉದ್ದನೆಯ ತಾಮ್ರದ ತಂತಿಯಲ್ಲಿ ಮುಟ್ಟದೆಯೇ ವಿದ್ಯುತ್ತನ್ನು ಹುಟ್ಟಿಸಬಲ್ಲುದು. ತಂದೆಯವರ ಕಾಲದಲ್ಲಿ ಗುಡುಗು ಕೇಳಿದೊಡನೆ ಏರಿಯಲ್ಲನ್ನು ಕಿತ್ತಿಡುತ್ತಿದ್ದುದು ಸುಮ್ಮನಲ್ಲ. ಒಂದೇ ಕಟ್ಟಡದೊಳಗೆ ತಾಮ್ರವಾಗಬಹುದು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಿನಲ್ಲಿ ಹೋಗುವಾಗ ಗಾಜಿನ ಎಳೆಯ ಫೈಬರನ್ನು ಹಾಕಿ, ಎರಡು ತುದಿಗೂ ಮೀಡಿಯಾ ಕನ್ವರ್ಟರೆಂಬ ಚಿಕ್ಕ ಡಬ್ಬಿಗಳನ್ನಿಡುವುದೇ ಕ್ಷೇಮ. ಬೆಳಕನ್ನು ಒಯ್ಯುವ ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ಕೊಳ್ಳುವಾಗ ಒಳಗೆ ಉಕ್ಕಿನ ತಂತಿಯಿಲ್ಲದ ಜಾತಿಯದನ್ನು ಕೇಳಿ ಕೊಳ್ಳಬೇಕು. ಆದರೂ ಸಿಡಿಲಿನ ಹೊತ್ತಿನಲ್ಲಿ ಪ್ಲಗ್ಗನ್ನು ಕಿತ್ತಿಡುವ ಹಳೆಯ ಅಭ್ಯಾಸಕ್ಕೆ ಸಮನಾದ ರಕ್ಷೆ ಇನ್ನೊಂದಿಲ್ಲ.

ಇಷ್ಟೆಲ್ಲ ಗೋಜು ಎಲ್ಲರಿಗೂ ಬೇಕೆ? ಬೇಕಿಲ್ಲ. ಹೊಸ ರೂಟರುಗಳಲ್ಲಿ ಅನೇಕಕ್ಕೆ ಆಕ್ಸೆಸ್ ಪಾಯಿಂಟ್ ಎಂಬ ಗುಂಡಿಯೇ ಇರುತ್ತದೆ. ಅದನ್ನು ಒತ್ತಿದರೆ ಮೇಲೆ ಹೇಳಿದ ಆಗಮದ ವಿಧಿಯೆಲ್ಲ ತಾನೇ ಆಗುತ್ತದೆ. ಕಾರ್ಖಾನೆಯವರು ಇನ್ನೂ ತೇಪೆ ಕಳುಹಿಸುತ್ತಿರುವ ಪೆಟ್ಟಿಗೆಯಾದರೆ ಆದೇಶವೂ ಬೇಡ. ಆದರೆ ಅವರು ಕೈಬಿಟ್ಟ ಪೆಟ್ಟಿಗೆ ನಿಮ್ಮ ಅಟ್ಟದ ಮೇಲಿದ್ದರೆ, ಅದು ಸತ್ತಿಲ್ಲವೆಂದು ತಿಳಿಯಿರಿ. ಹೊಸ ಗುಣ ತುಂಬಿದ ಮೇಲೆ ಅದಕ್ಕೆ ಆಗಾಗ ಹೊಸ ಆವೃತ್ತಿಯನ್ನು ಹಾಕುವ ಹೊಣೆಯೂ ನಿಮ್ಮದೇ. 24.10 ಎಂಬಂತಹ ಅಂಕೆಗಳಲ್ಲಿ ಮೊದಲನೆಯದು ಆ ಆವೃತ್ತಿಯ ಕವಲೊಡೆದ ವರ್ಷ, ಎರಡನೆಯದು ತಿಂಗಳು. ನೋಡಿದೊಡನೆ ಎಷ್ಟು ಹಳತೆಂದು ತಿಳಿಯುತ್ತದೆ. ಒಡೆತನದ ಜತೆಗೆ ಹೊಣೆ ಬರುವುದು ತೋಟಕ್ಕೂ ಸರಿ, ರೂಟರಿಗೂ ಸರಿ.

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಿನಲ್ಲಿ ಜನಸ್ತು ಎಂಬ ಸಂಸ್ಥೆಯವರು ಹಳ್ಳಿಯವರೊಡನೆ ಸೇರಿ, ರೂಟರಿನಿಂದ ರೂಟರಿಗೆ ಕೈಹಾಯಿಸುತ್ತ ಹೋಗುವ, ಊರವರದೇ ಆದ ವೈಫೈ ಜಾಲವನ್ನು ಕಟ್ಟಿದ್ದಾರೆ. ಅರ್ಜೆಂಟೀನಾದ ಬೆಟ್ಟದೂರುಗಳಲ್ಲಿ ಆಲ್ಟರ್‌ಮುಂಡಿ ಎಂಬ ಬಳಗದವರು ಇದೇ ಓಪನ್‌ಡಬ್ಲ್ಯುಆರ್‌ಟಿಯ ಮೇಲೆ ಅಂತಹದೇ ಜಾಲವನ್ನು ಹೆಣೆದಿದ್ದಾರೆ. ಇವೆಲ್ಲ ಹೊಸದೇನಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಪ್ರಸಾರ ಯಂತ್ರವನ್ನಿಟ್ಟು ಆಕಾಶವಾಣಿಯೆಂದು ಹೆಸರಿಟ್ಟರು. ಅವರೂ ಯಂತ್ರಶಾಸ್ತ್ರದ ಮೇಷ್ಟರಾಗಿರಲಿಲ್ಲ. ಆ ಹೆಸರು ಮುಂದೆ ದೇಶದ ರೇಡಿಯೊಗೆಲ್ಲ ಹೆಸರಾಯಿತು. ಪೆಟ್ಟಿಗೆಯ ಮುಚ್ಚಳ ತೆರೆದು ನೋಡುವ ಧೈರ್ಯ ಮನೆಯವರಿಗೇ ಇದ್ದರೆ ಅದರಿಂದ ಊರಿಗೂ ಲಾಭವುಂಟು.

ಜಗಲಿಯಲ್ಲಿ ನೆನೆದ ಆ ಹುಡುಗಿ ಹತ್ತನೆಯದನ್ನು ದಾಟಿ, ಮುಂದೆ ಓದಲು ಹಾಸನಕ್ಕೆ ಹೋದಳು. ಆಕೆಗೆ ಒಣಗಿದ ಕೋಣೆಯನ್ನು ಹೊತ್ತಿಗೆ ಸರಿಯಾಗಿ ಕೊಡಲಾಗಲಿಲ್ಲ. ನನ್ನ ಕಲಿಕೆ ನಿಧಾನವಾಯಿತು. ಈಗ ಸಂಜೆ ಆಕೆಯ ತಮ್ಮನೂ ಅವನ ಜತೆಯ ಮೂವರೂ ಕಣದ ಕೋಣೆಯಲ್ಲಿ ಮೇಜಿನ ಸುತ್ತ ಕೂರುತ್ತಾರೆ. ಹೊರಗೆ ಮಳೆ ಸುರಿಯುತ್ತಿರುತ್ತದೆ, ತಗಡಿನ ಮಾಡು ಭೋರೆನ್ನುತ್ತಿರುತ್ತದೆ. ಮೂಲೆಯ ಕಪಾಟಿನ ಮೇಲೆ ಹಳೆಯ ಪೆಟ್ಟಿಗೆಯ ಹಸಿರು ದೀಪ ಮಿನುಗುತ್ತದೆ. ನಿಮ್ಮ ಅಟ್ಟವನ್ನೂ ಒಮ್ಮೆ ಹತ್ತಿ ನೋಡಿ. ಅಲ್ಲಿ ಅಂತಹದೊಂದು ಪೆಟ್ಟಿಗೆಯಿದ್ದರೆ, ನಿಮ್ಮ ಮನೆಯ ಜಗಲಿಯಲ್ಲಿಯೂ ಯಾರೋ ಒಬ್ಬರು ನೆನೆಯುತ್ತಿರಬಹುದು.